ಉದ್ರಿ

ನಲವತ್ತು ಮಂದಿ ಉಂಡು ಎದ್ದು ಹ್ವಾದರು.
ಇವನೊಬ್ಬ ಮೂಸಿ ಮಾರಿ ತಿರುವ್ಯಾನ.

ಖಾರ ಬ್ಯಾಡ, ಉಪ್ಪು ಬ್ಯಾಡ ಅಂದಾರ
ದನದ ದವಾಖಾನಿ ಡಾಕ್ಟರ್ರು.
ಖಾರಿಲ್ಲದ ಊಟಕ್ಕ ಈ ಖಾನಾವಳ್ಯಾಗ
ಯಾರು ಕೂತಾರು, ಸಾವ್ಕಾರಾ, ನೀನಽ ಹೇಳು.

ರೊಟ್ಟಿ ಬಡಿಯೋ ಸಪ್ಪಳಕ್ಕ
ಸಪ್ತಾಪುರ ಬಾವಿ ದಾಟಿ ಓಡಿ ಬರತಿದ್ದಿ.
ಈಗ ಕಿವಿ ಅಷ್ಟಽ ಏಳ್ತಾವು,
ಉಳಿದದ್ದು ಏಳಂಗಿಲ್ಲ.

ಹಾಲಾಗ ನೆನಸಿದೆ. ಮಜ್ಜಿಗ್ಯಾಗ ಕಿವುಚಿದೆ.
ಬೆರಳಿಗೆ ಹಚ್ಚಿ ಬಾಯಿತನಕ ಒಯ್ದೆ.
ಬೈದೆ. ನಿಮ್ಮವ್ವನ ಹೆಸರು ಹಿಡದು ಬೈದೆ,
ಪಾಪ, ಆಕಿನೂ ಇದಽ ಕಟ್ಟಿ ಕೆಳಗ ಈದಾಕಿ.

ಕಡೀಕ ಬೆನ್ನು ತಿರುವಿ ಕೂತೆ.
ಮುಂಜಾನಿಂದ ನಂದೂ ಊಟ ಆಗಿದ್ದಿಲ್ಲ.
ತಾಟು ನೆಲದ ಮ್ಯಾಲೆ,
ಪುಂಡಿಪಲ್ಯ, ಆರಿದ ರೊಟ್ಟಿ.
ಮೊಣಕೈ ಹತ್ರ ಬಿಸಿ ಉಸಿರು.
ತಿರುಗಿ ನೋಡಲಿಲ್ಲ, ನೋಡಿದ್ರ ಬಿಡತಾನ.

ನಾಲಗಿ ಸಪ್ಪಳ ಒಂದು.
ಭಾಳ ಹೊತ್ತಿನ ಮ್ಯಾಲೆ
ಇನ್ನೊಂದು.

ದೀಪ ಆರಸೂಮುಂದ ವಹಿ ತಗದೆ,
ಹಾಸ್ಟೆಲ್ ಹುಡುಗರ ಬಾಕಿ ಕೆಳಗ ಬರದೆ:
ಸಾವ್ಕಾರ, ಕಾಲು ರೊಟ್ಟಿ.
ಪಲ್ಯ ಮುಟ್ಟಿಲ್ಲ.
ಉದ್ರಿ.
ತೀರಸಾಕ ಅವಸರಿಲ್ಲ.