ಸರಿಸಂಖ್ಯೆಯ ಲೆಕ್ಕಗಳು

ಪುಸ್ತಕದ ಹಿಂಭಾಗ ನನ್ನ ಪಾಲು.
ಎದುವಿನಾ ಪ್ರಶ್ನೆ ಬರೆದುಕೊಂಡು
ಪುಸ್ತಕವನ್ನು ನನ್ನ ಕಡೆ ತಳ್ಳುತ್ತಾಳೆ.
ನಾನು ಕೊನೆಯ ಪುಟಗಳಿಗೆ ಬೆರಳಿಟ್ಟು
ಉತ್ತರಗಳನ್ನು ಕಾಯುತ್ತ ಕೂರುತ್ತೇನೆ,
ಬೇಲಿ ಹಾರುವ ಕುರಿಮರಿಗಳನ್ನು ಕಾದಂತೆ.
ಎಂಟನೇ ಕ್ಲಾಸಿಗೆ ಬಿಟ್ಟವನಿಗೆ ಇಷ್ಟು ಕೆಲಸ ಸಾಕು.

ಉತ್ತರ ಇರುವುದು ಬೆಸಸಂಖ್ಯೆಯವಕ್ಕೆ ಮಾತ್ರ:
ಒಂದು, ಮೂರು, ಐದು, ಏಳು.
ಸರಿಸಂಖ್ಯೆಯವು ಸರಿಯೇ ಎಂದು
ಹೇಳುವವರು ಯಾರೂ ಇಲ್ಲ.

ಪುಂತಾ ಅರೇನಾಸಿನಲ್ಲಿ ಅಕ್ಟೋಬರ್ ಎಂದರೆ
ಗಾಳಿಗೆ ಹುಚ್ಚು ಹಿಡಿಯುವ ತಿಂಗಳು.
ಏಡಿ ಕಾರ್ಖಾನೆಯ ಪಾಳಿ ಮುಗಿಸಿ, ಸಂಜೆ ಕಾಲೇಜು ಮುಗಿಸಿ
ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಮೇಜಿಗೆ ಬರುತ್ತಾಳೆ.
ನಲವತ್ತಮೂರು ವರ್ಷ. ಬೆರಳ ತುಂಬ ಮುಳ್ಳು ಗೀರಿದ ಗೆರೆ.
ಪೆನ್ಸಿಲ್ಲಿಗೂ ಏಡಿಯ ವಾಸನೆ.

ಮೊದಲು ರಸಾಯನಶಾಸ್ತ್ರ.
ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು,
ನಲವತ್ತು ಲೀಟರಿನ ತೊಟ್ಟಿಗೆ ಎಷ್ಟು?
ಪೆನ್ಸಿಲ್ ಇನ್ನೂ ಕಾಗದ ಮುಟ್ಟಿಲ್ಲ,
"ಒಂದೂವರೆ ಕಿಲೋಗೆ ಒಂದು ಹಿಡಿ ಕಮ್ಮಿ" ಅಂದಳು.
ಹಿಂದಿನ ಪುಟ ನೋಡಿದೆ: ಸಾವಿರದ ನಾನೂರು.
"ಹೇಗೆ ಮಾಡಿದೆ ಅಂತ ತೋರಿಸಬೇಕಂತೆ" ಅಂದೆ.
ನಾಲಿಗೆ ಚಾಚಿ ತೋರಿಸಿದಳು.

ಆಮೇಲೆ ಚರಿತ್ರೆ.
ನಿಮ್ಮ ಕುಟುಂಬ ಈ ಊರಿಗೆ ಬಂದ ಬಗೆ,
ಎರಡು ಪುಟ, ಮೂಲಗಳನ್ನು ನಮೂದಿಸಿ.
ಚಿಲೊಯೆ ದ್ವೀಪದಿಂದ ಹಡಗಿನಲ್ಲಿ,
ಒಂದು ಹೊಲಿಗೆ ಯಂತ್ರ, ಎರಡು ಕೋಳಿ.
ಹೇಳಿದವಳು ಅಜ್ಜಿ. ಅಜ್ಜಿ ಮೂಲವಲ್ಲವಂತೆ.
ಹಡಗಿನ ದಾಖಲೆ ಹುಡುಕಿ ಎಂದು ಕೆಂಪು ಶಾಯಿ.
ಹುಡುಕಿದೆವು. ಕೋಳಿಗಳು ಸಿಕ್ಕಿದವು,
ಅಜ್ಜಿ ಸಿಗಲಿಲ್ಲ.

ಅರ್ಥಶಾಸ್ತ್ರ, ಹದಿನೇಳನೆಯದು. ಬೆಸ.
ಕೆಲಸಕ್ಕೆ ಒಬ್ಬೊಬ್ಬರನ್ನೇ ಸೇರಿಸುತ್ತ ಹೋಗಿ;
ಎಷ್ಟನೆಯವರಿಂದ ಮಾಲೀಕನಿಗೆ ನಷ್ಟ?
ಕೋಷ್ಟಕ ಎಳೆದಳು, ಕೂಡಿದಳು, ಕಳೆದಳು,
ಕೈಯಲ್ಲೊಂದು ಇಟ್ಟುಕೊಂಡಳು.
"ಹತ್ತು ಜನ ಸಾಕು. ಹನ್ನೊಂದನೆಯವಳು ಬೇಡ."
ಹಿಂದೆ ನೋಡಿದೆ: ಹತ್ತು.
"ಸರಿ!" ಅಂದೆ. ಜೋರಾಗಿಯೇ ಅಂದೆ,
ಮೊದಲ ಸಲಕ್ಕೇ ಬಂದಿತ್ತಲ್ಲ.
ಅವಳು ತಲೆ ಎತ್ತಲಿಲ್ಲ.

ಅವಳ ಸಾಲಿನಲ್ಲಿ ಹನ್ನೊಂದನೆಯವಳು ಒತಿಲಿಯಾ,
ಹೋದ ಸೀಸನ್ನಿಗೆ ಬಂದವಳು.
ಇವಳು ಕೈಗವಸು ಮರೆತ ದಿನ ತನ್ನದೊಂದು ಬಿಚ್ಚಿ ಕೊಟ್ಟಿದ್ದಳು;
ಒಬ್ಬೊಬ್ಬರಿಗೆ ಒಂದೊಂದು ಕೈ,
ಇಡೀ ಪಾಳಿ.

ಕೆಟಲ್ ಕೂಗಿತು. ಚಹಾ ಕುಡಿದೆವು.

ಕೊನೆಗೆ ಭೌತಶಾಸ್ತ್ರ, ಹದಿನಾಲ್ಕು.
ಗೋಪುರದ ಮೇಲಿಂದ ಅಡ್ಡಕ್ಕೆ ಎಸೆದ ಕಲ್ಲು
ಎಷ್ಟು ದೂರ ಹೋಗಿ ಬೀಳುತ್ತದೆ?
ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.
ಅಷ್ಟು ಓದುವಷ್ಟರಲ್ಲಿ ಮಾಡಿನ ತಗಡು ಎದ್ದು ಬಡಿಯಿತು.
ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವವರೆಗೆ.
ಸಂತಿಯಾಗೊದಲ್ಲಿ ಕಿಟಕಿ ಮುಚ್ಚಿ ಬರೆದ ಪುಸ್ತಕ.
ಇಲ್ಲಿ ಬೀದಿಯ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡು ದಾಟಲಿ ಎಂದು.
"ಗಾಳಿಯೂ ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂದಳು.

ಅಂಚಿನಲ್ಲಿ ಹಳೆಯ ಬರಹ,
ಪುಸ್ತಕ ಮೊದಲು ಯಾರೋ ನೆಲ್ಸನ್ ಬಾರ್ರಿಯಾನದು:
'ಸರ್‌ಗೆ ಕೇಳಿದೆ. ಅವರಿಗೂ ಗೊತ್ತಿಲ್ಲ.'
ಎದುವಿನಾ ಎರಡು ಉತ್ತರ ಬರೆದಳು,
ಒಂದು ಅಲ್ಲಿಗೆ, ಒಂದು ಇಲ್ಲಿಗೆ.
ಇಲ್ಲಿಯದಕ್ಕೆ ಬರೀ ಸಮಚಿಹ್ನೆ,
ಮುಂದೆ ಖಾಲಿ.

ಶನಿವಾರ ನನ್ನ ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಿತ್ತು.
ಹಗ್ಗ ಹಿಡಿದು ದಾಟುತ್ತಿದ್ದ ಮುದುಕರೊಬ್ಬರ ಟೋಪಿ ಹಾರಿತು.
ಹಸಿರು ಬಂತು. ಹಿಂದಿನವರು ಹಾರ್ನ್ ಒತ್ತಿದರು.
ನಾನು ಕದಲಲಿಲ್ಲ,
ಬೀಳಲಿ ಎಂದು ನೋಡುತ್ತಲೇ ಇದ್ದೆ.
ಆಮೇಲೆ ಇಳಿದು, ಬೈಗುಳ ತಿನ್ನುತ್ತ,
ಹೆಜ್ಜೆ ಹಾಕಿ ಅಳೆದೆ.

ರಾತ್ರಿ ಹೇಳಿದೆ: ನಲವತ್ತೊಂದು ಹೆಜ್ಜೆ.
ಕಲ್ಲಲ್ಲ, ಟೋಪಿ, ಎಂದೂ ಒಪ್ಪಿಕೊಂಡೆ.
ಅವಳು ನಗಲಿಲ್ಲ.
ಖಾಲಿ ಜಾಗದಲ್ಲಿ ಬರೆದಳು,
ಅದರ ಕೆಳಗೆ ಚಿಕ್ಕದಾಗಿ, ಅಡಿಗೆರೆ ಎಳೆದು,
ಮೂಲ: ನನ್ನ ಗಂಡ.