ಇಪ್ಪತ್ತೊಂಬತ್ತು ಗಂಟು

ಹದಿನಾರು ತಂಡ ಅಂದರೆ ನನಗೆ ಹದಿನಾರು ಗಂಟು.
ಮೊದಲ ಸುತ್ತು ಮುಗಿದ ರಾತ್ರಿ
ಹಲಸೂರಿನ ಈ ದೋಬಿ ಘಾಟಿನಲ್ಲಿ ಕಾಲಿಡಲು ಜಾಗವಿಲ್ಲ.
ಹಳದಿ, ಕೆಂಪು, ಬ್ಯಾಂಕಿನವರ ನೀಲಿ,
ಒಂದರ ಬೆನ್ನ ಮೇಲೆ ಬಿರಿಯಾನಿ ಅಂಗಡಿಯ ಫೋನ್ ನಂಬರು.

ಮುಂದಿನ ವಾರ ಎಂಟು.
ಆಮೇಲೆ ನಾಲ್ಕು. ಆಮೇಲೆ ಎರಡು.
ಕಪ್ ಹತ್ತಿರ ಬಂತೆಂದು ಗೌತಮಪುರದವರು ತಮಟೆ ಕಾಯಿಸುವಾಗ
ನನ್ನ ಸಂಪಾದನೆ ಇಳಿಯುತ್ತಾ ಬರುತ್ತದೆ.
ಕೂಡಿದರೆ ಮೂವತ್ತು ಗಂಟು.
ಆದರೆ ಕೊನೆಗೆ ಗೆದ್ದವರು ಒಗೆಯಲು ಕೊಡುವುದಿಲ್ಲ,
ಬೆವರಿನ ಸಮೇತ ಗಾಜಿನೊಳಗೆ ಇಡುತ್ತಾರಂತೆ.
ಹಾಗಾಗಿ ಇಪ್ಪತ್ತೊಂಬತ್ತು.

ಲೀಗಿನ ಬಟ್ಟೆ ಬೇರೆ.
ಸೋಮವಾರ ಸೋತವರು ಗುರುವಾರಕ್ಕೆ ಬೇಕೆಂದು ಜಗಳಕ್ಕೇ ಬರುತ್ತಾರೆ.
ಕಪ್‌ನಲ್ಲಿ ಸೋತವರಿಗೆ ಗುರುವಾರವೇ ಇಲ್ಲ.
ಇಸ್ತ್ರಿಯಾದ ಅಂಗಿಗಳು ಹಲಗೆಯ ಮೇಲೆ ಕೂತೇ ಇರುತ್ತವೆ,
ತಿಂಗಳಾದ ಮೇಲೆ ಯಾರೋ ಚಿಕ್ಕ ಹುಡುಗ
ಮುದುರಿದ ನೋಟು ಹಿಡಿದು ಬರುತ್ತಾನೆ.

ಸಗಾಯರಾಜ್ ಮಾತ್ರ ತಾನೇ ಬಂದ,
ಪೆನಾಲ್ಟಿಯಲ್ಲಿ ಸೋತ ಮರುದಿನ, ಬೆಳಗಿನ ಐದಕ್ಕೆ,
ಆಟೊ ಗೇಟಿನ ಹೊರಗೆ ನಿಲ್ಲಿಸಿ.
‘ಅಕ್ಕ, ಇಲ್ಲಿ ಸ್ವಲ್ಪ ಕೂತ್ಕೊಳ್ಲಾ?’
ಗಂಜಿ ಕುದಿಯುತ್ತಿತ್ತು. ನೀಲಿ ಪುಡಿಯ ಡಬ್ಬಕ್ಕೆ ಫೋನು ಒರಗಿಸಿದ.
ಅಮೆರಿಕದಲ್ಲೂ ಇಂಥದೇ ಕಪ್ ಇದೆಯಂತೆ, ನೂರು ವರ್ಷ ದಾಟಿದ್ದು,
ಕೋಟಿ ಎಣಿಸುವ ಕ್ಲಬ್ಬಿಗೂ
ಭಾನುವಾರ ಪಾರ್ಕಿನಲ್ಲಿ ಆಡುವವರಿಗೂ ಒಂದೇ ಚೀಟಿ.
‘ಆ ಗೋಲಿ ಸ್ಕೂಲ್ ಬಸ್ ಓಡಿಸ್ತಾನೆ ಕಣಕ್ಕ.
ಆರನೇ ನಂಬರ್ರು ನಲ್ಲಿ ರಿಪೇರಿ.’

‘ಅವರ ಬಟ್ಟೆ ಯಾರು ಒಗೀತಾರೆ?’
‘ಮೆಷಿನ್ ಇರುತ್ತೆ.’
‘ಮೆಷಿನ್ನಿಗೆ ಹಾಕೋರು?’
ಅವನಿಗೆ ಗೊತ್ತಿರಲಿಲ್ಲ.

ಇಲ್ಲಿ ಕಾಗೆ ಎದ್ದಿದ್ದವು. ಅಲ್ಲಿ ಇನ್ನೂ ನಿನ್ನೆಯ ಸಂಜೆ.
ನಮ್ಮ ನಿನ್ನೆ ತೊಟ್ಟಿಯ ಪಕ್ಕ ಗಂಟಾಗಿ ಬಿದ್ದಿತ್ತು,
ಅವರ ನಿನ್ನೆ ಚಿಕ್ಕ ಪರದೆಯೊಳಗೆ
ಹಸಿರು ಹುಲ್ಲಿನ ಮೇಲೆ ಓಡುತ್ತಿತ್ತು,
ಯಾರೂ ಇನ್ನೂ ಸೋತಿರಲಿಲ್ಲ.

ನಾನು ಅವನ ಗಂಟು ಬಿಚ್ಚಿದೆ.
ಗೋಲಿಯ ಅಂಗಿ ಮೊದಲು ಬಂತು ಕೈಗೆ.
ಎಡ ಮೊಣಕೈ ಮಣ್ಣು, ಎಡ ಸೊಂಟ ಮಣ್ಣು,
ಬಲಗಡೆ ಅಂಗಡಿಯಿಂದ ತಂದ ಹಾಗೆ.
‘ಐದಕ್ಕೂ ಎಡಕ್ಕೇ ಬಿದ್ದೆಯೇನೋ?’
ತಿರುಗಿ ನೋಡಿದ. ‘ಯಾರು ಹೇಳಿದ್ದು?’
ಯಾರು ಹೇಳಬೇಕು.
ಮೂವತ್ತು ವರ್ಷದಿಂದ ಬಟ್ಟೆ ನನ್ನ ಹತ್ತಿರ ಚಾಡಿ ಹೇಳುತ್ತಿದೆ,
ಯಾರ ಮನೆಯಲ್ಲಿ ಯಾರು ಅತ್ತರು,
ಯಾವ ಮದುಮಗ ಎಲ್ಲಿ ಜಾರಿದ.

ಮೂರು ಗಂಟು ಹಿಂಡಿ ಮುಗಿಸುವ ಹೊತ್ತಿಗೆ
ಅಲ್ಲೂ ಪೆನಾಲ್ಟಿಗೇ ಬಂದಿತ್ತು.
ಬಸ್ಸಿನವನು ಗೆರೆಯ ಮೇಲೆ ನಿಂತ, ಕೈ ಅಗಲಿಸಿ,
ಸ್ಟಾಪಿನಲ್ಲಿ ಮಕ್ಕಳನ್ನು ತಡೆದು ನಿಲ್ಲಿಸುವವನ ಹಾಗೆ.
ಕೊನೆಯದಕ್ಕೆ ಅವನು ಎತ್ತಲೂ ಬೀಳಲಿಲ್ಲ.
ಚೆಂಡೇ ಬಂದು ಅವನ ಮೊಣಕಾಲಿಗೆ ಬಡಿಯಿತು.
ಸಗಾಯರಾಜ್ ಎದ್ದ ರಭಸಕ್ಕೆ ನನ್ನ ಬಕೆಟ್ಟು ಮಗುಚಿ
ಸೋಪಿನ ನೀರು ಗೇಟಿನ ತನಕ ಹರಿಯಿತು.

ಮುಂದಿನ ಸುತ್ತಿನಲ್ಲಿ ಅವರು ಐದು ಸೊನ್ನೆಯಿಂದ ಸೋತರಂತೆ.
ಹೇಳಲೆಂದೇ ಆಟೊ ನಿಲ್ಲಿಸಿದ, ಹಿಂದೆ ಪ್ಯಾಸೆಂಜರ್ ಕೂತಿದ್ದರೂ.
‘ಒಗೆಯಲು ಕೊಟ್ಟರಂತಾ?’ ಅಂದೆ. ನಕ್ಕು ಹೋದ.

ಈ ವರ್ಷ ಮೊದಲ ಸುತ್ತಿನ ಹದಿನಾರರಲ್ಲಿ ಅವರದೂ ಬಂತು.
ಗೆದ್ದರೋ ಸೋತರೋ, ತಂದ ಹುಡುಗ ಹೇಳಲಿಲ್ಲ.
ಹಸಿರು ಅಂಗಿ ಹುಡುಕಿ ಎಳೆದೆ.
ಎಡಕ್ಕೂ ಮಣ್ಣು, ಬಲಕ್ಕೂ ಮಣ್ಣು, ಎದೆಯ ತುಂಬ ಮಣ್ಣು,
ಬಲ ಮೊಣಕೈ ಹರಿದು ನೇತಾಡುತ್ತಿದೆ.

ಹೊಲಿಗೆಗೆ ಹತ್ತು ರೂಪಾಯಿ ಹೆಚ್ಚಾಗುತ್ತೆ,
ಹೇಳಿ ಕಳಿಸಿದ್ದೇನೆ.