ಮೂವತ್ತು ಮೀಟರಿನ ಜಾಲ

ಕೆಯ್ಯೋನಿನಲ್ಲಿ ಸಮುದ್ರ ದಿನಕ್ಕೆರಡು ಸಲ ಎದ್ದು ಹೋಗುತ್ತದೆ.
ಹಳದಿ ದೋಣಿಗಳು ಆಗ ಕೆಸರಲ್ಲಿ ಮಗ್ಗುಲಾಗುತ್ತವೆ,
ಮೇದು ಬಂದ ಹಸುಗಳ ಹಾಗೆ.
ನನ್ನ ಕೆಲಸ ಶುರುವಾಗುವುದು ಆಗಲೇ.
ಬೂಟು ಕಳಚಿ, ಹಲ್ಲಲ್ಲಿ ಟಾರ್ಚು ಕಚ್ಚಿಕೊಂಡು
ರೊಸೆಂದೋನ ದೋಣಿಯ ಹೊಟ್ಟೆಯೊಳಗೆ ತೆವಳಿದೆ.

ಎಂಥೆಂಥ ತಂತಿಗಳು!
ಉಪ್ಪು ತಿಂದು ಹಸಿರು ಹಿಟ್ಟಾದವು,
ಟೇಪಿನ ಮೇಲೆ ಟೇಪು ಸುತ್ತಿಸಿಕೊಂಡು
ಗಾಯ ಯಾವುದು ಬೆರಳು ಯಾವುದು ತಿಳಿಯದವು,
ಎಲ್ಲಿಂದಲೋ ಹೊರಟು ಎಲ್ಲಿಗೂ ಮುಟ್ಟದವು.
ಎರಡು ಬಕೆಟ್ ತುಂಬಿತು.
"ಇಷ್ಟರಲ್ಲಿ ಒಂದು ಬಲೆ ಹೆಣೆಯಬಹುದಿತ್ತಲ್ಲ, ನೆಲ್ದಾ"
ಅಂದ ರೊಸೆಂದೋ, ತಾಮ್ರದ ತೂಕ ಅಂದಾಜು ಮಾಡುತ್ತ.

ಬದಲಿಗೆ ಒಂದು ಬಿಳಿ ಡಬ್ಬಿ.
ಸೋಪಿನ ಬಿಲ್ಲೆಯಷ್ಟು. ಚಾವಣಿಗೆ ನಾಲ್ಕು ಸ್ಕ್ರೂ.
ಆಳ, ಗಾಳಿ, ದಿಕ್ಕು, ವೇಗ
ಎಲ್ಲವೂ ಇದರೊಳಗೆ ಹೊಕ್ಕು
ತಂತಿಯಿಲ್ಲದೆ ಹೊರಗೆ ಬರುತ್ತವೆ, ಅಂದೆ.
ಡಬ್ಬಿಯ ಹಿಂದೆ ಕೈಯಾಡಿಸಿ ನೋಡಿದ.
ಏನೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಅನುಮಾನ.

ಅವನಪ್ಪ, ಸೀಸದ ಗುಂಡಿನ ತಳಕ್ಕೆ ಕುರಿಕೊಬ್ಬು ಮೆತ್ತಿ
ಹಗ್ಗದಲ್ಲಿ ಇಳಿಬಿಟ್ಟು,
ಅಂಟಿಬಂದ ಮರಳನ್ನು ನಾಲಿಗೆಗಿಟ್ಟು
ಯಾವ ದ್ವೀಪದ ಬೆನ್ನೆಂದು ಹೇಳುತ್ತಿದ್ದನಂತೆ,
ಕಾರಿರುಳಲ್ಲೂ, ಮಂಜಲ್ಲೂ.
"ಇದಕ್ಕೆ ನಾಲಿಗೆ ಎಲ್ಲಿದೆ?"

ಜಾಲಕ್ಕೊಂದು ಹೆಸರು ಬೇಕು, ಒಂದು ಗುಟ್ಟಿನ ಪದವೂ ಬೇಕು, ಅಂದೆ.
ಜಾಲವೆಂದರೆ ಅವನಿಗೆ ಒಂದೇ ಅರ್ಥ:
ಕಣ್ಣು ಎಷ್ಟಗಲ, ಕೇಳಿದ.
ಕಣ್ಣಿಲ್ಲ ಮಾರಾಯ. ಸುತ್ತ ಮೂವತ್ತು ಮೀಟರು ಹರಡುತ್ತದೆ, ಅಷ್ಟೆ.
ಗುಟ್ಟನ್ನು ಅವನೇ ಒತ್ತಿದ,
ಒಂದೇ ಬೆರಳಲ್ಲಿ,
ನನಗೆ ಬೆನ್ನು ತಿರುಗಿಸಿ.

ಚಹಾ ಆರುವಷ್ಟರಲ್ಲಿ ನೀರು ಮರಳಿತು.
ಪರದೆಯ ಮೇಲಿನ ಖಾಲಿ ಗೀಟುಗಳು ಅಳಿಸಿ
ಸೊನ್ನೆ ಪಾಯಿಂಟ್ ನಾಲ್ಕು,
ಸೊನ್ನೆ ಪಾಯಿಂಟ್ ಒಂಬತ್ತು,
ಒಂದೂವರೆ.
ದೋಣಿ ಮೈಮುರಿದು ನೆಟ್ಟಗೆ ಕೂತಿತು.

ಹತ್ತು ದಿನಕ್ಕೆ ಫೋನು.
ಕೊರ್ಕೊವಾದೋ ಕೊಲ್ಲಿಯಲ್ಲಿ, ಅಲೆ ಮನೆಯೆತ್ತರ ಎದ್ದಾಗಲೂ
ಅಂಕಿಗಳು ಗಿಣಿಯ ಹಾಗೆ ಮಾತಾಡುತ್ತವೆ;
ದಡಕ್ಕೆ ಬಂದು ಕಟ್ಟಿದ ಮೇಲೆಯೇ ತೊದಲುತ್ತವೆ.
ಹೋಗಿ ಡಬ್ಬಿಯ ಒಳಪಟ್ಟಿ ತೆರೆದೆ.
ಯಾರ್ಯಾರು ಕಿವಿಗೊಟ್ಟಿದ್ದಾರೆ ಎಂಬ ಪಟ್ಟಿ:
ರೊಸೆಂದೋನ ಟ್ಯಾಬ್ಲೆಟ್. ನನ್ನ ಫೋನು.
ಮೂರನೆಯದು, ಬೆಲಾರ್ಮಿನೋ.

ಮೂರು ಕಂಬದಾಚೆ ಕಟ್ಟಿದ ದೋಣಿ ಅವನದು.
ಅಣ್ಣ.
ಅಪ್ಪನ ದೋಣಿ ಮಾರಿದ ದುಡ್ಡಿನ ದೆಸೆಯಿಂದ
ಹನ್ನೊಂದು ವರ್ಷವಾಯಿತು ಇಬ್ಬರಿಗೂ ಮಾತಿಲ್ಲದೆ;
ಚರ್ಚಿಗೂ ಬೇರೆ ಬೇರೆ ಬಾಗಿಲು.
ಗುಟ್ಟಿನ ಪದ ಏನಿಟ್ಟೆ? ಕೇಳಿದೆ.
ಗ್ರೀಸು ಹತ್ತಿದ ಕೈ ಒರೆಸಿದ. ಒರೆಸಿದ್ದನ್ನೇ ಒರೆಸಿದ.
"ಆ ದೋಣಿಯ ಹೆಸರು."

ಬದಲಾಯಿಸಲೇ? ಒಂದು ನಿಮಿಷದ ಕೆಲಸ.

ಗಾಜಿನಾಚೆ, ಹತ್ತು ಹನ್ನೆರಡು ಮಾರು ದೂರದಲ್ಲಿ,
ಇನ್ನೊಂದು ಹಳದಿ ಚಾವಣಿಯಡಿ
ನೀಲಿ ಬೆಳಕೊಂದು ಅಲುಗಿತು, ಮುಖದೆತ್ತರಕ್ಕೆ.
"ಅವನ ಸೌಂಡರು ಚಳಿಗಾಲದಿಂದ ಕೆಟ್ಟಿದೆ"
ಅಂದ, ಎಂಜಿನ್ನಿನ ಜೊತೆ ಮಾತಾಡುವವನಂತೆ.
"ನೀರು ಎಷ್ಟು ಬಂತು ಅಂತ
ಅವನಿಗೂ ತಿಳಿಯಬೇಕಲ್ಲ."

ಮೂವರಿಗಿದ್ದ ಮಿತಿಯನ್ನು ಐವರಿಗೆ ಏರಿಸಿದೆ.
ಬಿಲ್ಲಿನಲ್ಲಿ ಬರೆದದ್ದು: ಸಡಿಲವಾದ ಸ್ಕ್ರೂ, ಒಂದು.

ಮೊನ್ನೆ ಆ ಕಡೆ ಹೋಗಿದ್ದೆ,
ಬೇರೆ ಯಾರದೋ ಬ್ಯಾಟರಿ ನೋಡಲು.
ರೊಸೆಂದೋ ದೋಣಿಯನ್ನು ಒಂದು ಕಂಬ ಈಚೆಗೆ ಕಟ್ಟಿದ್ದ.
ಯಾಕೆ, ಅಂದೆ.
ಇಲ್ಲಿ ಕೆಸರು ಮೆತ್ತಗಿದೆ, ಅಂದ.